ಯಾರ ನಾಲ್ಕು ಗಂಟೆ

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡು ಇಷ್ಟು ದಿನ ತಡೆದೆ. ಇಳಿಯುವ ಲಕ್ಷಣ ಕಾಣುತ್ತಿಲ್ಲ. ಇಚಿಕಾವಾದಿಂದ ಟೋಕಿಯೋಗೆ ಹೋಗುವ ತೋಜಾಯ್ ಲೈನಿನ ರೈಲಿನಲ್ಲಿ ಅವಳು ಆಗಾಗ ಸಿಗುತ್ತಾಳೆ. ಆ ನೂಕುನುಗ್ಗಲಿನಲ್ಲಿ ಒಬ್ಬರ ಉಸಿರು ಒಬ್ಬರ ಕತ್ತಿಗೆ ತಾಗುವಷ್ಟು ಹತ್ತಿರ ನಿಂತು, ಏನೂ ಆಗಿಲ್ಲವೆಂಬಂತೆ, ಮಕ್ಕಳ ಸ್ಕೂಲು, ಒಳ್ಳೇ ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆ ಎಂದೆಲ್ಲ ಪಿಸುದನಿಯಲ್ಲಿ ಮಾತಾಡುತ್ತಾಳೆ. ನಾನೂ ಹೂಂ ಅನ್ನುತ್ತೇನೆ. ಜಪಾನಿನ ರೈಲಿನಲ್ಲಿ ಜಗಳ ಆಡುವ ಹಾಗಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವಳು ನನ್ನ ಸಹೋದ್ಯೋಗಿ. ನಾನು ಮೈಸೂರಿನವಳು, ಅವಳು ಬೆಂಗಳೂರಿನವಳು. ಇಬ್ಬರೂ ಟೋಕಿಯೋದ ಒಂದೇ ಆಫೀಸಿಗೆ ಹೋಗುತ್ತೇವೆ, ಇಚಿಕಾವಾದಲ್ಲಿ ಎದುರುಬದುರು ಕಟ್ಟಡಗಳಲ್ಲಿ ಇದ್ದೇವೆ. ಅವಳ ಬಾಲ್ಕನಿಯಲ್ಲಿ ಏನು ಒಣಗುತ್ತಿದೆ ಎಂಬುದು ನನಗೆ ಗೊತ್ತು, ನನ್ನ ಕುಕ್ಕರ್ ಕೂಗಿದ್ದು ಅವಳಿಗೆ ಕೇಳಿಸುತ್ತದೆ. ಜಪಾನಿನಲ್ಲಿ ಓಡಿಸಿ ಸಾಕಾದ ಕಾರುಗಳನ್ನು ಹಡಗಿಗೆ ಹತ್ತಿಸಿ ಆಫ್ರಿಕಾಕ್ಕೆ ಕಳಿಸುವವರಿದ್ದಾರಲ್ಲ, ಅವರಿಗೆ ನಮ್ಮ ಕಂಪನಿ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಯಾವ ಕಾರು ಯಾವ ಹಡಗಿನಲ್ಲಿದೆ, ಯಾವ ಬಂದರಿನಲ್ಲಿ ಇಳಿಯಿತು, ಇಳಿಯುವಾಗ ಕನ್ನಡಿ ಒಡೆಯಿತೇ, ಇಂಥ ಲೆಕ್ಕ. ಈ ಕೆಲಸದ ಮೇಲೆಯೇ ಹೋದ ವರ್ಷ ನಮ್ಮಿಬ್ಬರನ್ನು ಕೀನ್ಯಾದ ಕರಾವಳಿ ಊರಾದ ಮೊಂಬಾಸಾಕ್ಕೆ ಕಳಿಸಿದರು. ಅವಳು ಟೀಮ್ ಲೀಡರ್, ನಾನು ಜೊತೆಗಾತಿ.

ನಾನು ಅವಳಿಗೆ ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದೇನೆ, ಜಪಾನಮ್ಮ. ಇಚಿಕಾವಾದಲ್ಲಿರುವಾಗ ಅವಳ ಮಾತೆಲ್ಲ 'ನಮ್ ಬೆಂಗಳೂರಲ್ಲಾದ್ರೆ' ಎಂದು ಶುರುವಾಗುತ್ತದೆ. ಜಪಾನಿನವರಿಗೆ ಉಪ್ಪು ಖಾರ ಗೊತ್ತಿಲ್ಲ, ನೆಂಟರನ್ನು ಮನೆಗೆ ಕರೆಯುವುದು ಗೊತ್ತಿಲ್ಲ, ಮನಸ್ಸು ಬಿಚ್ಚಿ ನಗುವುದು ಗೊತ್ತಿಲ್ಲ. ಅದೇ ವಿಮಾನ ನರಿತಾ ಬಿಟ್ಟು ಮೇಲೇರಿದ್ದೇ ತಡ, ಮಾತು 'ಜಪಾನಲ್ಲಾದ್ರೆ' ಎಂದು ತಿರುಗಿಕೊಂಡಿತು. ಹೆಣ್ಣುಮಕ್ಕಳು ತವರಿನಲ್ಲಿ ಅತ್ತೆಮನೆಯನ್ನೂ ಅತ್ತೆಮನೆಯಲ್ಲಿ ತವರನ್ನೂ ಹೊಗಳುವುದುಂಟು. ಆದರೆ ಮೂರನೆಯವರ ಮನೆಗೆ ಹೋಗಿ ಅತ್ತೆಮನೆಯನ್ನು ಹೊಗಳಿ ಅವರ ಗೋಡೆಗೆ ಕೈಯಾಡಿಸಿ ಧೂಳು ತೋರಿಸುವವರನ್ನು ನಾನು ನೋಡಿದ್ದು ಆಗಲೇ.

ಮೊಂಬಾಸಾದಲ್ಲಿ ನಮ್ಮ ಸಾಫ್ಟ್‌ವೇರನ್ನು ನೋಡಿಕೊಳ್ಳುವ ಒಬ್ಬಳು ಇಂಜಿನಿಯರ್ ಇದ್ದಳು. ಮೂವತ್ತರ ಆಸುಪಾಸಿನವಳು, ಆ ಊರಿನವಳೇ. ಪರದೆಯ ಮೇಲೆ ಎಷ್ಟೋ ಸಲ ಮಾತಾಡಿದ್ದೆವು, ಎದುರಿಗೆ ನೋಡಿರಲಿಲ್ಲ. ಅವಳನ್ನು ಒಂದು ವರ್ಷದ ಮಟ್ಟಿಗೆ ಟೋಕಿಯೋ ಆಫೀಸಿಗೆ ಕರೆಸಿಕೊಳ್ಳುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಹೊರಡುವ ಮುಂಚೆ ನಮ್ಮ ವಿಭಾಗದ ಮುಖ್ಯಸ್ಥರು, ಬುಚೋ-ಸಾನ್ ಎಂದು ನಾವೆಲ್ಲ ಕರೆಯುವವರು, ಜಪಾನಮ್ಮನಿಗೆ ಹೇಳಿದ್ದರು: ಕೆಲಸದಲ್ಲಿ ಆಕೆ ಹೇಗೆ ಎಂದು ಹತ್ತಿರದಿಂದ ನೋಡಿ ಬನ್ನಿ, ನಿಮ್ಮ ಮಾತಿನ ಮೇಲೆ ಮುಂದಿನದು. ಇಂಜಿನಿಯರಿಗೂ ಇದು ಗೊತ್ತಿತ್ತು. ಆ ಒಂದು ವರ್ಷಕ್ಕಾಗಿ ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಳೆಂಬುದು ಮೊದಲ ದಿನವೇ ನನಗೆ ತಿಳಿಯಿತು.

ಶನಿವಾರ ಬೆಳಿಗ್ಗೆ ಊರು ತೋರಿಸಲು ಹೋಟೆಲಿಗೆ ಅವಳೇ ಕಾರು ತಂದಳು. ಕೀಲಿ ತಿರುವಿದ ಕೂಡಲೇ ಕಾರಿನೊಳಗಿಂದ ಒಂದು ಹೆಣ್ಣುದನಿ ಜಪಾನೀಸಿನಲ್ಲಿ, ತುಂಬ ವಿನಯವಾಗಿ, ಟೋಲ್ ಕಾರ್ಡ್ ಹಾಕಿಲ್ಲ ಎಂದು ಹೇಳಿತು. ನಾನೂ ಜಪಾನಮ್ಮನೂ ಒಟ್ಟಿಗೇ ನಕ್ಕುಬಿಟ್ಟೆವು. ಜಪಾನಿನಿಂದ ಬಂದ ಹಳೇ ಕಾರು, ಅಲ್ಲಿಯ ಹೆದ್ದಾರಿಯ ಕಾರ್ಡನ್ನು ಇಲ್ಲಿಯೂ ಕೇಳುತ್ತಿದೆ. ತನ್ನ ತಾಯಿ ಅದು ಪ್ರಯಾಣದ ಪ್ರಾರ್ಥನೆ ಎಂದು ನಂಬಿದ್ದಾಳೆ, ಪ್ರತಿ ಸಲವೂ ಆಮೀನ್ ಅನ್ನುತ್ತಾಳೆ, ತಾನೂ ತಿದ್ದಲು ಹೋಗಿಲ್ಲ ಎಂದು ಇಂಜಿನಿಯರ್ ಹೇಳಿದಳು. ಇಂಜಿನಿಯರಿಗೆ ಕಾರಿನ ಆ ಜಪಾನೀಸ್ ಮಾತು ಅರ್ಥವಾಗುತ್ತಿತ್ತು. ಬಂದರಿನಲ್ಲಿ ಇಳಿಯುವ ವ್ಯಾನುಗಳ ಮೈಮೇಲೆ ಶಿಶುವಿಹಾರ, ಲಾಂಡ್ರಿ, ತೋಫು ಅಂಗಡಿ ಎಂದೆಲ್ಲ ಬರೆದಿರುತ್ತದಲ್ಲ, ಅದನ್ನು ಒಂದೊಂದೇ ಕೂಡಿಸಿ ಓದುತ್ತ ಅವಳು ಜಪಾನೀಸ್ ಲಿಪಿಯನ್ನೂ ಸ್ವಲ್ಪ ಭಾಷೆಯನ್ನೂ ಕಲಿತಿದ್ದಳು. ದಾರಿಯಲ್ಲಿ ಒಂದು ಬಾಡಿಗೆ ವ್ಯಾನು ಎದುರಾದಾಗ ಕೈ ತೋರಿಸಿ, 'ಸಕುರಾ ಶಿಶುವಿಹಾರ' ಎಂದು ಓದಿದಳು. ಒಳಗೆ ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸರು ತುಂಬಿದ್ದರು.

ನನಗೆ ಆ ಊರು ಕಂಡ ಕೂಡಲೇ ಹಿಡಿಸಿತು. ಹಳೇ ಪೇಟೆಯ ಸಂದಿಗಳು, ಕೆತ್ತನೆಯ ದೊಡ್ಡ ಬಾಗಿಲುಗಳು, ಬಾಗಿಲ ಪಕ್ಕದ ಕಲ್ಲುಜಗುಲಿಯ ಮೇಲೆ ಕೂತು ಲೋಕದ ನ್ಯಾಯ ತೀರಿಸುವ ಮುದುಕರು. ಬೀದಿಬದಿಯಲ್ಲಿ ಆಲೂಗಡ್ಡೆಯನ್ನು ಹಳದಿ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಿದ್ದರು, ಮೇಲೆ ಹುಣಿಸೆಹಣ್ಣಿನ ಚಟ್ನಿ. ಬೋಂಡ ಅಲ್ಲ ಎಂದು ಯಾರಾದರೂ ಆಣೆ ಮಾಡಿದರೂ ನಾನು ನಂಬುವುದಿಲ್ಲ. ಕಾರಿಗೆ ಗಾರಿ ಎನ್ನುತ್ತಾರೆ, ಸಾಬೂನಿಗೆ ಸಬೂನಿ, ಔಷಧಿಗೆ ದವಾ. ಎಳನೀರು ಕೊಚ್ಚುವ ಕತ್ತಿಯ ಸದ್ದು ಕೂಡ ನಮ್ಮದೇ. ಇಚಿಕಾವಾದಲ್ಲಿ ಇಷ್ಟು ವರ್ಷ ಇದ್ದೂ ಬೀದಿಯಲ್ಲಿ ನಿಂತು ಏನನ್ನಾದರೂ ತಿಂದಿದ್ದು ನೆನಪಿಲ್ಲ, ಅಲ್ಲಿ ಮೊದಲ ಮಧ್ಯಾಹ್ನದೊಳಗೆ ಬೆರಳೆಲ್ಲ ಎಣ್ಣೆಯಾಗಿತ್ತು.

ಜಪಾನಮ್ಮ ಮಾತ್ರ ಬ್ಯಾಗನ್ನು ಎದೆಗವಚಿಕೊಂಡು ನಡೆದಳು. ಜಪಾನಲ್ಲಾದರೆ ಫುಟ್‌ಪಾತ್ ಹೀಗಿರುವುದಿಲ್ಲ, ಜಪಾನಲ್ಲಾದರೆ ಇಷ್ಟು ಜೋರಾಗಿ ಹಾರನ್ ಹೊಡೆಯುವುದಿಲ್ಲ, ಇಷ್ಟು ದೊಡ್ಡ ಊರಿನಲ್ಲಿ ಹಗಲಿರುಳು ತೆರೆದಿರುವ ಒಂದು ಕೊಂಬಿನಿ ಅಂಗಡಿ ಇಲ್ಲವಲ್ಲ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದವಳ ಬಾಯಲ್ಲಿ ಈ ಮಾತು. ಇಂಜಿನಿಯರ್ ಪ್ರತಿಯೊಂದಕ್ಕೂ ತಲೆಯಾಡಿಸಿ, ಹೌದೇ, ಅಲ್ಲಿ ಹೇಗಿರುತ್ತದೆ ಎಂದು ಕೇಳುತ್ತಿದ್ದಳು. ಅವಳಿಗೆ ಜಪಾನಿನ ಬಗ್ಗೆ ಏನು ಕೇಳಿದರೂ ಸಾಲದು. ಅದನ್ನೇ ಜಪಾನಮ್ಮ ತನ್ನ ಮೇಲಿನ ಭಕ್ತಿ ಎಂದು ತಿಳಿದುಕೊಂಡಳು.

ಇನ್ನೊಂದು ಮಾತು ಹೇಳಬೇಕು. ಹೊರಡುವ ಮುಂಚಿನ ವಾರಗಳಲ್ಲಿ ಜಪಾನಮ್ಮ ಫೋನಿನ ಆ್ಯಪ್ ಒಂದರಲ್ಲಿ ಸ್ವಾಹಿಲಿ ಕಲಿತಿದ್ದಳು. ಕಲಿತಿದ್ದಳು ಅಂದರೆ ನಮಸ್ಕಾರ, ಧನ್ಯವಾದ, ಒಂದರಿಂದ ಹತ್ತು, ಇಷ್ಟು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ, ಇದು ತಳದಲ್ಲಿ ನಾಲ್ಕು ಹನಿ ಇದ್ದ ಕೊಡ. ಇಂಜಿನಿಯರ್ ಒಳ್ಳೆಯ ಇಂಗ್ಲಿಷ್ ಮಾತಾಡುತ್ತಿದ್ದರೂ ಇವಳು ಬಿಡದೆ ಸ್ವಾಹಿಲಿಯಲ್ಲೇ ಕೇಳುವಳು. ಅವಳು ಪಾಪ ಖುಷಿಪಟ್ಟು ಸ್ವಾಹಿಲಿಯಲ್ಲೇ ಉತ್ತರ ಕೊಡುವಳು.

ಅಂದು ಸಂಜೆ ಬಂದರಿನ ಬಾಯಿಯ ಹತ್ತಿರ, ದಪ್ಪ ಕಾಂಡದ ಹಳೇ ಮರಗಳ ಸಾಲಿನ ಕೆಳಗೆ ಕೂತು ಹಡಗು ಬರುವುದನ್ನು ನೋಡುತ್ತಿದ್ದೆವು. ಕಾರುಗಳನ್ನು ತುಂಬಿದ ದೊಡ್ಡ ಹಡಗು, ಕಟ್ಟಡವೇ ತೇಲಿಬಂದ ಹಾಗೆ. ಮರುದಿನದ ಕಾರ್ಯಕ್ರಮವನ್ನು ಇಂಜಿನಿಯರ್ ಹೇಳಿದಳು. ಮೊದಲು ಸಮುದ್ರದ ದಂಡೆಯ ಹಳೇ ಕೋಟೆ, ಎಲ್ಲರೂ ಸೇರುವುದು ಅಲ್ಲಿಯೇ, ಆಮೇಲೆ ಆ ಹಡಗಿನ ಕಾರುಗಳು ಇಳಿದು ನಿಲ್ಲುವ ಯಾರ್ಡು, ಆಮೇಲೆ ಅವಳ ಮನೆಯಲ್ಲಿ ಊಟ. ಯಾರ್ಡಿನಲ್ಲಿ ಕೆಲಸ ನಡೆಯುವುದನ್ನು ಕಣ್ಣಾರೆ ನೋಡುವುದು ನಮ್ಮ ಪ್ರವಾಸದ ಮುಖ್ಯ ಕೆಲಸವೇ ಆಗಿತ್ತು. ಭಾನುವಾರ ಅಲ್ಲಿಯ ಮೇಲ್ವಿಚಾರಕರು ರಜೆಯಲ್ಲಿದ್ದರೂ ಅವರನ್ನು ಒಪ್ಪಿಸಿ ಬರಹೇಳಿದ್ದಳು. ನಾಳೆ ಎಷ್ಟು ಗಂಟೆಗೆ ಎಂದು ಜಪಾನಮ್ಮ ಸ್ವಾಹಿಲಿಯಲ್ಲಿ ಕೇಳಿದಳು. ಕೇಳುತ್ತ, ಅಭ್ಯಾಸಬಲದಿಂದ, ಕೈಯ ಗಡಿಯಾರ ನೋಡಿಕೊಂಡಳು. ಇಂಜಿನಿಯರ್ ಕೂಡ ಆ ಗಡಿಯಾರದತ್ತ ನೋಡಿ, ಮುಖ ಅರಳಿಸಿ, 'ಸಾ ನ್ನೆ' ಅಂದಳು.

ಏನಂತೆ ಎಂದು ನಾನು ಕೇಳಿದೆ. ಸಾ ಅಂದರೆ ಗಂಟೆ, ನ್ನೆ ಅಂದರೆ ನಾಲ್ಕು, ಅಷ್ಟೂ ಗೊತ್ತಿಲ್ಲವೇ ಎಂದು ಜಪಾನಮ್ಮ ಹುಬ್ಬೇರಿಸಿದಳು. ಬಿಸಿಲೂರು, ಸಂಜೆಯ ಹೊತ್ತಿಗೆ ಹೋಗುವುದು ಸರಿಯೇ ಅನಿಸಿತು.

ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುವಾಗ ಅವಳು ಪಂಚಾಂಗದ ಆ್ಯಪ್ ತೆಗೆದಳು. ಅದು ಅವಳ ನಿತ್ಯಕರ್ಮ. ಇಚಿಕಾವಾದಲ್ಲಿಯೂ ರಾಹುಕಾಲ ನೋಡದೆ ಹೊಸ ಕುಕ್ಕರ್ ಕೂಡ ಒಲೆಗೆ ಇಡುವವಳಲ್ಲ. ಅದರ ಬಗ್ಗೆ ನನಗೆ ತಕರಾರಿಲ್ಲ, ನಮ್ಮಮ್ಮನೂ ನೋಡುತ್ತಾಳೆ. ಆ್ಯಪಿನಲ್ಲಿ ಊರನ್ನು ಟೋಕಿಯೋದಿಂದ ಮೊಂಬಾಸಾಕ್ಕೆ ಬದಲಿಸಿಕೊಳ್ಳುತ್ತ ನನಗೊಂದು ಪಾಠವನ್ನೂ ಮಾಡಿದಳು.

'ರಾಹುಕಾಲ ಸನ್‌ರೈಸಿಂದ ಲೆಕ್ಕ ಕಣೇ. ಎಲ್ಲಿದೀವೋ ಅಲ್ಲಿನ ಸೂರ್ಯನ್ನೇ ಹಿಡೀಬೇಕು. ಟೋಕಿಯೋ ಟೈಮ್ ಇಟ್ಕೊಂಡ್ರೆ ಎಲ್ಲಾ ಎಡವಟ್ಟು.'

ಭಾನುವಾರ ರಾಹುಕಾಲ ಸಂಜೆ ಬರುತ್ತದೆ. ನಾಲ್ಕಕ್ಕೆ ಸರಿಯಾಗಿ ಕೋಟೆ ಮುಟ್ಟಿಬಿಟ್ಟರೆ ಅದಕ್ಕೂ ಮುಂಚೆ ಕೆಲಸ ಶುರುವಾದ ಹಾಗೆ ಎಂದು ಅವಳಿಗೆ ಸಮಾಧಾನ. ಅಲ್ಲಿಯವರೆಗೆ ಊರಾಚೆಯ ಬೀಚಿಗೆ ಹೋಗಿಬರೋಣ ಎಂದು ತೀರ್ಮಾನವಾಯಿತು. ಊರಿನ ಸಿಮ್ ಕೊಳ್ಳೋಣವೆಂದು ನಾನು ಹಿಂದಿನ ದಿನವೇ ಹೇಳಿದ್ದೆ. ಸೆಕ್ಯುರಿಟಿ ಪಾಲಿಸಿ ಎಂದು ಅವಳು ಬೇಡವೆಂದಿದ್ದಳು. ಹೋಟೆಲಿನ ವೈಫೈ ದಾಟಿದರೆ ನಮ್ಮ ಫೋನುಗಳು ಬರೀ ಕ್ಯಾಮೆರಾ. ಬೆಳಿಗ್ಗೆ ಬೇಗ ಹೊರಟವರು ಬಿಳಿ ಮರಳಿನ ಮೇಲೆ ಹೊರಳಿ, ಅವಳ ಫೋಟೋ ನಾನು, ನನ್ನ ಫೋಟೋ ಅವಳು ತೆಗೆದು, ಮೀನು ಬೇಡವೆಂದು ಬರೀ ಅನ್ನ ತೆಂಗಿನಹಾಲು ತಿಂದು, ಅಲ್ಲಿಂದಲೇ ಆಟೋ ಹಿಡಿದು ಕೋಟೆಗೆ ಬಂದೆವು. ನನ್ನ ಫೋನಿನಲ್ಲಿ ನಾಲ್ಕಕ್ಕೆ ಎರಡು ನಿಮಿಷ ಇತ್ತು. ಜಪಾನೀಸ್ ಟೈಮಿಂಗ್ ಎಂದು ಅವಳು ನನ್ನ ಬೆನ್ನು ತಟ್ಟಿದಳು.

ಇಂಜಿನಿಯರ್ ಕೋಟೆಯ ಗೋಡೆಯ ನೆರಳಿನಲ್ಲಿ, ಕಾಫಿ ಮಾರುವವನ ಬೆಂಚಿನ ಮೇಲೆ ಕೂತಿದ್ದಳು. ನಮ್ಮನ್ನು ಕಂಡವಳೇ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಿಮಗೇನೂ ಆಗಿಲ್ಲ ತಾನೇ, ಏನೂ ಆಗಿಲ್ಲ ತಾನೇ ಎಂದು ಎರಡು ಸಲ ಕೇಳಿದಳು. ನನಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವಳು ಬೆಳಿಗ್ಗೆ ಹತ್ತು ಗಂಟೆಯಿಂದ ಅಲ್ಲಿ ಕಾಯುತ್ತಿದ್ದಳು.

ಹೋಟೆಲಿಗೆ ಫೋನ್ ಮಾಡಿದ್ದಾಳೆ, ಹೊರಗೆ ಹೋಗಿದ್ದಾರೆ ಎಂದು ಹೇಳಿದ್ದಾರೆ. ಹುಡುಕಲು ಹೋಗೋಣವೆಂದರೆ ಅಷ್ಟರಲ್ಲಿ ನಾವು ಬಂದು ಯಾರೂ ಇಲ್ಲವೆಂದು ಗಾಬರಿಯಾದರೆ ಎಂದು ಜಾಗ ಬಿಟ್ಟು ಕದಲಿಲ್ಲ. ನೆರಳು ಸರಿದ ಹಾಗೆ ಬೆಂಚನ್ನೂ ಸರಿಸಿಕೊಂಡು ಕೂತಿದ್ದಾಳೆ. ಯಾರ್ಡಿನ ಮೇಲ್ವಿಚಾರಕರು ಮಧ್ಯಾಹ್ನದವರೆಗೆ ಕಾದು ಬೇಸರಪಟ್ಟು ಮನೆಗೆ ಹೋಗಿದ್ದಾರೆ. ಮನೆಯಲ್ಲಿ ತಾಯಿ ಅಡುಗೆ ಮುಚ್ಚಿಟ್ಟು ಕೂತಿದ್ದಾಳೆ.

ನಾಲ್ಕು ಅಂದೆಯಲ್ಲ ಎಂದು ಜಪಾನಮ್ಮ ಕೇಳಿದಳು. ಹೌದು, ನಾಲ್ಕೇ ಅಂದೆ ಎಂದು ಇಂಜಿನಿಯರ್ ಹೇಳಿದಳು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಂಜಿನಿಯರ್ ಹಣೆ ಚಚ್ಚಿಕೊಂಡು ನಗತೊಡಗಿದಳು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲಿಂದ. ಬೆಳಗಿನ ಏಳು ಅಂದರೆ ಒಂದು, ಎಂಟು ಅಂದರೆ ಎರಡು. ಹತ್ತು ಅಂದರೆ ನಾಲ್ಕು. ಇಂಗ್ಲಿಷಿನಲ್ಲಿ ಕೇಳಿದರೆ ಹತ್ತು ಅನ್ನುತ್ತಾರೆ, ಸ್ವಾಹಿಲಿಯಲ್ಲಿ ಕೇಳಿದರೆ ನಾಲ್ಕು. ಊರಿನ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಜಪಾನಮ್ಮ ಕಲಿತ ಪಾಠ ಒಂದರಿಂದ ಹತ್ತಕ್ಕೆ ನಿಂತಿತ್ತು, ಗಡಿಯಾರದ ಪಾಠ ಇನ್ನೂ ಬಂದಿರಲಿಲ್ಲ.

ನನಗೆ ಆಗ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಬೆಳಿಗ್ಗೆ ಇಡ್ಲಿಗೆ ಹೋಲಿಸುತ್ತ ಅಲ್ಲಿಯ ಅಕ್ಕಿರೊಟ್ಟಿ ಮುರಿದುಕೊಂಡು, ಎಲ್ಲಿದ್ದೇವೋ ಅಲ್ಲಿಯ ಸೂರ್ಯನನ್ನೇ ಹಿಡಿಯಬೇಕು ಎಂದು ನನಗೆ ಬೋಧಿಸಿದವಳು ಇವಳೇ. ರಾಹುವಿಗೆ ಸೂರ್ಯೋದಯದ ಲೆಕ್ಕ ಸಲ್ಲುತ್ತದೆ, ಒಂದು ಇಡೀ ಊರಿನ ಜನಕ್ಕೆ ಸಲ್ಲುವುದಿಲ್ಲವೇ? ನಮ್ಮ ಅಜ್ಜಿಯರು ಹೊತ್ತೇರಿ ಒಂದು ಜಾವ ಆಯಿತು ಎಂದು ಹೇಳುತ್ತಿದ್ದುದನ್ನು ಕೇಳಿ ಬೆಳೆದವರಿಗೆ ಇದು ಅರ್ಥವಾಗದ ವಿಷಯವೇ? ಆದರೂ ಗೊತ್ತಿಲ್ಲದೆ ಆದ ತಪ್ಪು, ಆಗಲಿ. ಯಾರಿಂದಲೂ ಆಗಬಹುದು. ನಾನು ಕಾದದ್ದು ಒಂದೇ ಮಾತಿಗೆ. ಇಚಿಕಾವಾದಲ್ಲಿ ಲಿಫ್ಟಿಗೆ ಹತ್ತಿದರೆ ಕ್ಷಮಿಸಿ ಎಂಬ ಸುಮಿಮಾಸೆನ್, ಇಳಿದರೆ ಸುಮಿಮಾಸೆನ್, ಎದುರು ಬಂದ ನಾಯಿಗೂ ಸುಮಿಮಾಸೆನ್ ಎಂದು ಸೊಂಟ ಬಗ್ಗಿಸುವವಳು, ಒಂದು ಹಗಲನ್ನೆಲ್ಲ ಬೀದಿಯಲ್ಲಿ ಕಾದವಳ ಎದುರು ಬಾಯಿ ಬಿಡಲಿಲ್ಲ. ಬಿಟ್ಟಾಗ ಬಂದ ಮಾತು, ಇಂಗ್ಲಿಷಿನಲ್ಲಿ ಕನ್‌ಫರ್ಮ್ ಮಾಡಬೇಕಿತ್ತು ನೀನು, ಎಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೇ ಕೈ ಮುಗಿದು ತಪ್ಪಾಯಿತೆಂದು ಕೇಳಿಕೊಂಡೆ. ಇಂಜಿನಿಯರ್ ಅದಕ್ಕೂ ಬಿಡಲಿಲ್ಲ, ಬನ್ನಿ ಮೊದಲು ಊಟ ಮಾಡಿ ಎಂದಳು.

ಕಾರಿನಲ್ಲಿ ಹೋಗುವಾಗ ಅವಳು ಇನ್ನೊಂದು ವಿಷಯ ಹೇಳಿದಳು. ಹಿಂದಿನ ಸಂಜೆ ಸೂರ್ಯ ಮುಳುಗುವಾಗ ಜಪಾನಮ್ಮನ ಗಡಿಯಾರದ ಮುಳ್ಳು ಹನ್ನೆರಡರ ಹತ್ತಿರ ಇತ್ತಂತೆ. ಅವರ ಲೆಕ್ಕದಲ್ಲಿ ಸೂರ್ಯ ಮುಳುಗುವುದು ಹನ್ನೆರಡಕ್ಕೆ. ಅವಳ ತಾಯಿಯ ಗೋಡೆ ಗಡಿಯಾರವೂ ಹಾಗೆಯೇ ಇರುತ್ತದೆ. ಈ ಹೆಂಗಸು ಬರುವ ಮುಂಚೆಯೇ ನಮ್ಮ ಪದ್ಧತಿ ಕಲಿತು, ಗಡಿಯಾರವನ್ನೂ ನಮ್ಮ ಲೆಕ್ಕಕ್ಕೆ ತಿರುಗಿಸಿಕೊಂಡು ಬಂದಿದ್ದಾಳಲ್ಲ ಎಂದು ಅವಳಿಗೆ ಹೆಮ್ಮೆಯಾಗಿತ್ತಂತೆ. ಆ ಹೆಮ್ಮೆಯಲ್ಲೇ ಇನ್ನೊಮ್ಮೆ ಕೇಳಲಿಲ್ಲವಂತೆ.

ನಾನು ಜಪಾನಮ್ಮನ ಕೈ ನೋಡಿದೆ. ಆಫೀಸಿನ ಕರೆಗಳೆಲ್ಲ ಟೋಕಿಯೋ ಸಮಯದಲ್ಲಿ ಎಂದು ಅವಳು ಗಡಿಯಾರವನ್ನು ಬದಲಿಸಿಯೇ ಇರಲಿಲ್ಲ. ಟೋಕಿಯೋಗೂ ಮೊಂಬಾಸಾಕ್ಕೂ ಆರು ಗಂಟೆಯ ಅಂತರ. ಸೂರ್ಯನ ಲೆಕ್ಕಕ್ಕೂ ಇಂಗ್ಲಿಷ್ ಲೆಕ್ಕಕ್ಕೂ ಆರು ಗಂಟೆಯ ಅಂತರ. ಟೋಕಿಯೋದ ಗಡಿಯಾರವೊಂದನ್ನು ತಂದು ಮೊಂಬಾಸಾದಲ್ಲಿ ಇಟ್ಟರೆ ಅದು ತಾನಾಗಿಯೇ ಸ್ವಾಹಿಲಿ ಗಂಟೆ ತೋರಿಸುತ್ತದೆ. ಅಂದು ಬೆಳಿಗ್ಗೆ ಅವಳ ಕೈಯಲ್ಲೇ ಸರಿಯಾದ ನಾಲ್ಕು ಗಂಟೆ ಆಗಿತ್ತು, ಅವಳು ಬೀಚಿನಲ್ಲಿ ನನಗೆ ಫೋಟೋ ತೆಗೆಯಲು ಹೇಳುತ್ತಿದ್ದಾಗ. ಇದನ್ನು ಕನ್ನಡದಲ್ಲಿ ಅವಳಿಗೆ ವಿವರಿಸಿದೆ. ಒಳ್ಳೇ ಕಾಕತಾಳೀಯ ಎಂದು ಹೇಳಿ ಕಿಟಕಿಯ ಹೊರಗೆ ನೋಡಿದಳು.

ತಾಯಿಯ ಮನೆ ಹಳೇ ಪೇಟೆಯಲ್ಲಿ, ಮಹಡಿಯ ಮೇಲೆ. ತೊಗರಿಕಾಳನ್ನು ತೆಂಗಿನಹಾಲಿನಲ್ಲಿ ಬೇಯಿಸಿದ ಸಾರು, ಏಲಕ್ಕಿ ಹಾಕಿದ ಉಬ್ಬಿದ ಪೂರಿ, ನಮಗಾಗಿ ಮೀನಿಲ್ಲದ ಪಲಾವು. ಎಲ್ಲವನ್ನೂ ಮತ್ತೆ ಬಿಸಿ ಮಾಡಿದ್ದಳು. ಬಿಸಿ ಮಾಡಿ ಮಾಡಿ ಸಾರು ಗಟ್ಟಿಯಾಗಿತ್ತು. ಮಗಳು ಆದದ್ದನ್ನು ಹೇಳಿದಾಗ ಆ ತಾಯಿ ನಮ್ಮಿಬ್ಬರ ಮುಖ ನೋಡಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಕುತೂಹಲದಿಂದ ಏನೋ ಕೇಳಿದಳು. ಮಗಳು ನಾಚಿಕೊಂಡು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಜಪಾನಿನಲ್ಲಿ ಸೂರ್ಯ ಮಧ್ಯಾಹ್ನದ ಮೇಲೆ ಹುಟ್ಟುತ್ತಾನೆಯೇ ಎಂದು ಅಮ್ಮ ಕೇಳುತ್ತಿದ್ದಾಳೆ, ಅಂದಳು. ನಾನು ತುತ್ತು ನೆತ್ತಿಗೇರುವಷ್ಟು ನಕ್ಕೆ. ಜಪಾನಮ್ಮ ತಟ್ಟೆಯ ಫೋಟೋ ತೆಗೆದುಕೊಳ್ಳುತ್ತಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ಇದು ಊರಿಗೆ ಹೋದಾಗ ಹೇಳಿ ನಗುವ ಕಥೆಯಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಟೋಕಿಯೋದಿಂದ ಕರೆ ಬಂತು. ಪರದೆಯ ಮೇಲೆ ಬುಚೋ-ಸಾನ್, ಅವರ ಪಕ್ಕ ಇನ್ನಿಬ್ಬರು. ಇಂಜಿನಿಯರ್ ಇನ್ನೂ ಬಂದಿರಲಿಲ್ಲ. ಯಾರ್ಡಿನ ಭೇಟಿ ಹೇಗಾಯಿತು ಎಂದು ಕೇಳಿದರು. ಜಪಾನಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನ ಅಚ್ಚುಕಟ್ಟಾದ ಜಪಾನೀಸಿನಲ್ಲಿ, ಸ್ಥಳೀಯರ ಜೊತೆ ಸಮಯದ ಬಗ್ಗೆ ಸ್ವಲ್ಪ ಗೊಂದಲವಾಗಿ ಭೇಟಿ ಸಾಧ್ಯವಾಗಲಿಲ್ಲ ಎಂದಳು.

ಒಂದು ಅಕ್ಷರವೂ ಸುಳ್ಳಲ್ಲ, ಇಡೀ ವಾಕ್ಯ ಸುಳ್ಳು. ನಾನು ನಡುವೆ ಬಾಯಿ ಹಾಕಿ, ಗೊಂದಲ ಆದದ್ದು ನಮ್ಮಿಂದ, ಆಕೆ ಸರಿಯಾದ ಹೊತ್ತಿಗೆ ಬಂದು ಕಾದಿದ್ದಳು ಎಂದೆ. ನನ್ನ ಜಪಾನೀಸ್ ಅವಳಷ್ಟು ನಯವಲ್ಲ. ಬುಚೋ-ಸಾನ್ ಹಾಯ್ ಹಾಯ್, ಅಂದರೆ ಹೌದು ಹೌದು, ಎಂದು ತಲೆಯಾಡಿಸಿದರು. ನಾನು ಆತಿಥೇಯಳ ಮರ್ಯಾದೆ ಉಳಿಸಲು ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದೇನೆ ಎಂದು ಅವರು ತಿಳಿದರು. ಜಪಾನಿನಲ್ಲಿ ಒಳ್ಳೆಯವರು ಹಾಗೆಯೇ ಮಾಡುತ್ತಾರೆ. ನಿಜ ಹೇಳಿದ್ದಕ್ಕೆ ಸೌಜನ್ಯದ ಹೆಸರು ಬಂತು, ಸುಳ್ಳಿಗೆ ವರದಿಯ ಹೆಸರು ಬಂತು.

ಕರೆ ಮುಗಿದ ಮೇಲೆ ನಾನು ಅವಳನ್ನು ತರಾಟೆಗೆ ತೆಗೆದುಕೊಂಡೆ. ಅವಳಿಗೆ ಬೇಸರವೂ ಆಗಲಿಲ್ಲ. ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು:

'ಮತ್ತೇನು, ನಾವು ತಪ್ಪು ಮಾಡಿದ್ವಿ ಅಂತ ಹೇಳ್ಬೇಕಿತ್ತಾ? ನಾಳೆ ನಮ್ ಅಪ್ರೈಸಲ್ ಯಾರು ನೋಡ್ತಾರೆ? ಅವಳಿಗೇನಾಗತ್ತೆ, ಅವಳು ಇಲ್ಲೇ ಇರೋಳು.'

ಅವಳು ಇಲ್ಲೇ ಇರುವವಳಲ್ಲ, ಅಲ್ಲಿಗೆ ಬರಬೇಕಾದವಳು ಎಂದು ಕೂಗಿದೆ. ಹೋಟೆಲಿನ ಹುಡುಗಿ ತಿರುಗಿ ನೋಡಿದಳು. ಜಪಾನಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಜಪಾನಿನಲ್ಲಾದರೆ ಹೀಗೆ ಕೂಗುವುದಿಲ್ಲವಲ್ಲ.

ಉಳಿದ ದಿನಗಳಲ್ಲಿ ಇಂಜಿನಿಯರ್ ಎಷ್ಟು ಚೆನ್ನಾಗಿ ಕೆಲಸ ತೋರಿಸಿದಳೆಂದರೆ ಜಪಾನಮ್ಮನೇ ಹೊಗಳಿದಳು. ಯಾರ್ಡಿನ ಮೇಲ್ವಿಚಾರಕರನ್ನು ಮತ್ತೆ ಒಪ್ಪಿಸಿದ್ದೂ ಅವಳೇ. ಸೋಮವಾರದ ಕರೆಯ ವಿಷಯವನ್ನು ನಾನೇ ಅವಳಿಗೆ ಹೇಳಿದೆ. ಹೇಳದೆ ಅವಳ ಕಾರಿನಲ್ಲಿ ಕೂರುವುದು ನನ್ನಿಂದಾಗಲಿಲ್ಲ. ಅವಳು ಸ್ಟೀರಿಂಗ್ ಹಿಡಿದುಕೊಂಡೇ, ಕೆಲಸ ನೋಡಿ ತೀರ್ಮಾನ ಮಾಡುತ್ತಾರೆ ಅಲ್ಲವೇ ಎಂದು ಕೇಳಿದಳು. ಮಾಡಲೇಬೇಕು ಎಂದೆ.

ಟೋಕಿಯೋಗೆ ಮರಳಿದ ವಾರವೇ ಬುಚೋ-ಸಾನ್ ಹತ್ತಿರ ಹೋದೆ. ನನ್ನದೇ ಗಡಿಯಾರ ಬಿಚ್ಚಿ ಅವರ ಮೇಜಿನ ಮೇಲಿಟ್ಟು, ಆ ಊರಿನ ನಾಲ್ಕು ಯಾವುದು, ಈ ಊರಿನ ನಾಲ್ಕು ಯಾವುದು ಎಂದು ಮುಳ್ಳು ತಿರುಗಿಸಿ ತೋರಿಸಿದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿದರು, ನಾರುಹೋದೋ, ಹಾಗೋ ವಿಷಯ, ಎಂದು ಆಶ್ಚರ್ಯಪಟ್ಟರು, ತಮ್ಮ ಗಡಿಯಾರವನ್ನೂ ನೋಡಿಕೊಂಡರು. ತುಂಬ ಸ್ವಾರಸ್ಯವಾಗಿದೆ ಎಂದರು. ಆದರೆ ಸಮಯದ ಬಗ್ಗೆ ಕಳವಳವಿದೆ ಎಂಬ ಮಾತು ಸಭೆಯಲ್ಲಿ ಒಮ್ಮೆ ಬಂದುಬಿಟ್ಟಿದೆ, ಬಂದ ಮೇಲೆ ಅದಕ್ಕೊಂದು ಪರಿಹಾರ ಕಾಣಿಸದೆ ಮುಂದೆ ಹೋಗುವ ಹಾಗಿಲ್ಲ ಎಂದರು. ಮಾತು ತಪ್ಪಾಗಿದ್ದರೆ ಅದನ್ನು ತೆಗೆದುಹಾಕಬಹುದಲ್ಲ ಎಂದೆ. ಅವರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು ತಲೆ ಓರೆ ಮಾಡಿದರು. ಜಪಾನಿನಲ್ಲಿ ಇದ್ದವರಿಗೆ ಆ ಉಸಿರಿನ ಅರ್ಥ ಗೊತ್ತು. ಆಗುವುದಿಲ್ಲ ಎಂಬುದನ್ನು ಇದಕ್ಕಿಂತ ಜೋರಾಗಿ ಇಲ್ಲಿ ಯಾರೂ ಹೇಳುವುದಿಲ್ಲ.

ಆ ವರ್ಷದ ಜಾಗಕ್ಕೆ ಬೇರೆ ದೇಶದಿಂದ ಇನ್ನೊಬ್ಬರು ಬಂದರು. ಇಂಜಿನಿಯರಿಗೆ ಮುಂದಿನ ವರ್ಷ ನೋಡೋಣ ಎಂದು ತಿಳಿಸಿದರು, ಅದಕ್ಕೆ ಮುಂಚೆ ಜಪಾನೀಸ್ ಕೆಲಸದ ಶಿಸ್ತು, ಮುಖ್ಯವಾಗಿ ಸಮಯಪಾಲನೆಯ ಬಗ್ಗೆ ಆನ್‌ಲೈನ್ ತರಗತಿ ಮುಗಿಸಬೇಕು. ಕಾದವಳನ್ನು ಕಾಯುವುದು ಹೇಗೆಂದು ಕಲಿಯಲು ಕಳಿಸಿದರು. ಇದನ್ನು ಕೇಳಿದಾಗಲೇ ನನ್ನ ತಲೆ ಸಿಡಿಯುತ್ತಿತ್ತು. ತರಗತಿ ತೆಗೆದುಕೊಳ್ಳಲು ಯಾರನ್ನು ನೇಮಿಸಿದರು ಎಂಬುದು ಇನ್ನೂ ಗೊತ್ತಿರಲಿಲ್ಲ. ಹೊರದೇಶದವರಾಗಿಯೂ ಜಪಾನಿನ ರೀತಿನೀತಿ ಚೆನ್ನಾಗಿ ಮೈಗೂಡಿಸಿಕೊಂಡವರು, ಮೊಂಬಾಸಾ ನೋಡಿ ಬಂದವರು, ಎರಡೂ ಕಡೆಯ ಅನುಭವ ಇರುವವರು ಎಂದು ಹುಡುಕಿ ಜಪಾನಮ್ಮನನ್ನೇ ನೇಮಿಸಿದರು. ಅವಳು ಆ ಸಂಜೆ ನಮ್ಮ ಮನೆಗೆ ಸಿಹಿ ತಂದುಕೊಟ್ಟಳು. ನಾನು ಬಾಗಿಲಲ್ಲೇ ವಾಪಸು ಕೊಟ್ಟೆ. ಶುಗರ್ ಚೆಕ್ ಮಾಡಿಸಿಕೊಂಡೆಯಾ ಎಂದು ಕಾಳಜಿಯಿಂದ ಕೇಳಿದಳು.

ನಾನು ಇಂಜಿನಿಯರಿಗೆ ಫೋನ್ ಮಾಡಿ, ಆ ತರಗತಿಗೆ ಹೋಗಬೇಡ, ಬೇಡವೆಂದು ಬರೆದುಹಾಕು, ನಾನೂ ಸಹಿ ಹಾಕುತ್ತೇನೆ ಎಂದೆ. ಅವಳು ನನ್ನಷ್ಟು ಹಾರಾಡಲಿಲ್ಲ. ನನಗೆ ಜಪಾನಿಗೆ ಬರಬೇಕು, ಅಂದಳು. ಕೋಪ ಮಾಡಿಕೊಳ್ಳುವುದು ನಿಮಗೆ ಸುಲಭ, ನೀವು ಆಗಲೇ ಅಲ್ಲಿದ್ದೀರಿ, ಅಂದಳು.

ಮೊದಲ ತರಗತಿ ಆದ ಮೇಲೆ ಅವಳೇ ಫೋನ್ ಮಾಡಿದಳು. ಏನು ಕಲಿಸಿದಳು ಎಂದು ಕೇಳಿದೆ. ಬೇರೆಯವರನ್ನು ಕಾಯಿಸಿದಾಗ ಕ್ಷಮೆ ಕೇಳುವುದು ಹೇಗೆ ಎಂಬುದೇ ಮೊದಲ ಪಾಠವಂತೆ. ಒಮತಾಸೆ ಶಿತೆ ಸುಮಿಮಾಸೆನ್, ನಿಮ್ಮನ್ನು ಕಾಯಿಸಿದ್ದಕ್ಕೆ ಕ್ಷಮಿಸಿ. ಕ್ಯಾಮೆರಾ ಹಾಕಿಸಿ, ಎದ್ದು ನಿಲ್ಲಿಸಿ, ಸೊಂಟ ಎಷ್ಟು ಬಗ್ಗಬೇಕೆಂದು ತೋರಿಸಿಕೊಟ್ಟು, ಅವಳ ಬಾಯಿಂದ ಜಪಾನಮ್ಮ ಅದನ್ನು ಹೇಳಿಸಿದಳಂತೆ. ಅವಳು ಬಗ್ಗಿ ಹೇಳಿದಳಂತೆ. ಉಚ್ಚಾರಣೆ ಚೆನ್ನಾಗಿದೆ, ಇನ್ನೊಂದು ಸಲ ಹೇಳು ಎಂದಳಂತೆ.